ನೋವಿನ ಗುಳಿಗೆ ಶುರು ಮಾಡುವ ಚೀಟಿ ಇದೆ, ನಿಲ್ಲಿಸುವ ಚೀಟಿ ಎಲ್ಲಿ?

ಕಳೆದ ಜುಲೈನಲ್ಲಿ ಶಿರಸಿ ಹತ್ತಿರದ ದೊಡ್ಡಮ್ಮನ ಮನೆಗೆ ಹೋದಾಗ ಅವಳು ಜಗುಲಿಯ ಮೂಲೆಯಲ್ಲಿ ಕಂಬಳಿ ಹೊದ್ದು ಕೂತಿದ್ದಳು. ಮೂಗು ಸೋರುತ್ತಿತ್ತು. ಒಂದರ ಹಿಂದೆ ಒಂದು ಆಕಳಿಕೆ. ಮೈ ಬೆವರುತ್ತಿತ್ತು, ಆದರೂ ಚಳಿ ಅನ್ನುತ್ತಿದ್ದಳು. ತೋಳು ಮುಟ್ಟಿದರೆ ರೋಮವೆಲ್ಲ ಎದ್ದು ನಿಂತಿತ್ತು. ಎರಡು ದಿನದಿಂದ ಭೇದಿ ಬೇರೆ. ಮಳೆಗಾಲ ಅಲ್ವಾ, ಮನೆಯವರೆಲ್ಲ ಜ್ವರ ಅಂದುಕೊಂಡಿದ್ದರು, ಡೆಂಗಿ ಇರಬಹುದು ಅಂತ ರಕ್ತ ಪರೀಕ್ಷೆಯೂ ಆಗಿತ್ತು, ಅದರಲ್ಲಿ ಏನೂ ಸಿಕ್ಕಿರಲಿಲ್ಲ.

"ಸೊಂಟದ ನೋವಲ್ಲ ತಮಾ ಇದು. ಮೈಯೊಳಗೆ ಎಂತದೋ ಹರದಾಡಿದಂಗೆ ಆಗ್ತು. ಕಾಲು ಒಂದು ಕಡೆ ಇಡಲೆ ಆಗ್ತಿಲ್ಲೆ" ಅಂದಳು. ರಾತ್ರಿ ನಿದ್ದೆ ಬಾರದೆ ಜಗುಲಿಯಿಂದ ಅಡುಗೆ ಮನೆಗೆ, ಅಡುಗೆ ಮನೆಯಿಂದ ಜಗುಲಿಗೆ ತಿರುಗುತ್ತಿದ್ದಳಂತೆ. ಮೂರು ರಾತ್ರಿ ಹೀಗೇ ಕಳೆದಿತ್ತು.

ಮರುದಿನ ಪೇಟೆಯ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ನಾಡಿ ನೋಡಿದರು, ಕಣ್ಣಿಗೆ ಟಾರ್ಚ್ ಬಿಟ್ಟು ನೋಡಿದರು, ಆಮೇಲೆ ಒಂದೇ ಒಂದು ಪ್ರಶ್ನೆ ಕೇಳಿದರು. "ಈ ವಾರ ಯಾವ ಗುಳಿಗೆ ನಿಂತಿದೆ ಅಮ್ಮಾ?"

ಅಲ್ಲಿಯವರೆಗೆ ನಮ್ಮಲ್ಲಿ ಯಾರಿಗೂ ಅದು ಹೊಳೆದಿರಲಿಲ್ಲ. ಏನೇನು ತಿಂದಳು, ಎಲ್ಲಿ ನೆನೆದಳು ಅಂತ ಕೇಳಿದ್ದೆವು. ಏನು ತಿನ್ನುವುದನ್ನು ಬಿಟ್ಟಳು ಅಂತ ಕೇಳಿರಲಿಲ್ಲ. ನಿಂತದ್ದು ಸೊಂಟನೋವಿನ ಗುಳಿಗೆ. ಟ್ರಮಡಾಲ್ 37.5 ಮಿಲಿಗ್ರಾಂ, ಅದರ ಜೊತೆ ಪ್ಯಾರಾಸಿಟಮಾಲ್ 325 ಮಿಲಿಗ್ರಾಂ. ಹದಿನಾಲ್ಕು ತಿಂಗಳ ಹಿಂದೆ ದೊಡ್ಡ ಊರಿನ ಒಂದು ಆಸ್ಪತ್ರೆಯಲ್ಲಿ ದಿನಕ್ಕೆ ಎರಡರಂತೆ ಮೂರು ವಾರಕ್ಕೆ ಬರೆದು ಕೊಟ್ಟಿದ್ದರು. ಆ ಚೀಟಿ ಮಡಚಿ ಮಡಚಿ ನಾಲ್ಕು ತುಂಡಾಗಿದೆ, ಹಿಂದಿನಿಂದ ಟೇಪ್ ಹಚ್ಚಿದ್ದಾರೆ. ಅದೇ ಚೀಟಿ ತೋರಿಸಿ ಮೆಡಿಕಲ್‌ನಲ್ಲಿ ತರುವುದು, ಎರಡು ಮೂರಾಗುವುದು, ಮೂರು ಐದಾಗುವುದು. ಜುಲೈನಲ್ಲಿ ಅಂಗಡಿಯವರು ಹಳೇ ಚೀಟಿಗೆ ಇನ್ನು ಕೊಡುವುದಿಲ್ಲ ಅಂದರು. ಅವರು ಹೇಳಿದ್ದು ಕಾನೂನಿನ ಪ್ರಕಾರ ಸರಿಯೇ. ಆದರೆ ಐದು ಗುಳಿಗೆಯಿಂದ ಒಂದೇ ದಿನಕ್ಕೆ ಸೊನ್ನೆ!

ನಮ್ಮ ಕಡೆ ಮನೆಗೊಬ್ಬರಂತೆ ಇಂಥವರು ಇದ್ದಾರೆ ಅಂದರೆ ಜಾಸ್ತಿ ಹೇಳಿದ ಹಾಗೆ ಆಗಬಹುದು, ಆದರೆ ನಿಮ್ಮ ಕೇರಿಯಲ್ಲಿ ಒಬ್ಬರಾದರೂ ನೆನಪಿಗೆ ಬರುತ್ತಾರೆ. ಇಲ್ಲಿನ ದುಡಿಮೆಯೇ ಬೆನ್ನು, ಮಂಡಿ ತಿನ್ನುವಂಥದ್ದು. ಘಟ್ಟದ ಮೇಲೆ ಅಡಿಕೆ ಸುಲಿಯುವ ಹೆಂಗಸರು ಮೆಟ್ಟುಗತ್ತಿ ಮುಂದೆ ಬಗ್ಗಿ ಕೂತರೆ ಮಧ್ಯರಾತ್ರಿವರೆಗೂ ಏಳುವುದಿಲ್ಲ. ಅಡಿಕೆ ಕೊನೆ ಕೊಯ್ಯುವವರು ಮರದಿಂದ ಬಿದ್ದು ಬದುಕಿ ಉಳಿದರೂ ಸೊಂಟ ಮೊದಲಿನ ಹಾಗೆ ಆಗುವುದಿಲ್ಲ. ಕೆಳಗೆ ಕಾರವಾರ, ಅಂಕೋಲಾ, ತದಡಿ ಕಡೆ ಬಲೆ ಎಳೆದ ಭುಜ, ಮೀನಿನ ಬುಟ್ಟಿ ಹೊತ್ತ ಕುತ್ತಿಗೆ. ಈ ನೋವುಗಳೆಲ್ಲ ನಿಜ. ಅದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಗುಳಿಗೆ ಬಗ್ಗೆ ಮಾತು ಎತ್ತಿದ ಕೂಡಲೇ "ಅವರಿಗೆ ನೋವೇನೂ ಇಲ್ಲ, ರೂಢಿಯಾಗಿದೆ ಅಷ್ಟೇ" ಅನ್ನುವವರು ಸಿಗುತ್ತಾರೆ. ಹಾಗಲ್ಲ.

ಟ್ರಮಡಾಲ್ ಅಂದರೆ ಏನು? ಜರ್ಮನಿಯಲ್ಲಿ ತಯಾರಾಗಿ 1977ರಲ್ಲಿ ಮಾರುಕಟ್ಟೆಗೆ ಬಂದ ನೋವಿನ ಔಷಧಿ. ಇದು ಓಪಿಯಾಯ್ಡ್ ಗುಂಪಿಗೆ ಸೇರಿದ್ದು, ಅಂದರೆ ಅಫೀಮಿನಿಂದ ಬರುವ ಮಾರ್ಫಿನ್‌ನ ದೂರದ ನೆಂಟ. ಆದರೆ ಇದಕ್ಕೆ ಇನ್ನೊಂದು ಮುಖವೂ ಇದೆ. ಮನಸ್ಸಿನ ಖಿನ್ನತೆಗೆ ಕೊಡುವ ಕೆಲವು ಔಷಧಿಗಳ ಹಾಗೆ ಮೆದುಳಿನ ಸಿರೊಟೋನಿನ್, ನಾರ್‌ಅಡ್ರಿನಲಿನ್ ಅನ್ನುವ ರಾಸಾಯನಿಕಗಳ ಮೇಲೂ ಕೆಲಸ ಮಾಡುತ್ತದೆ. ಹಾಗಾಗಿ ಥಟ್ಟನೆ ಬಿಟ್ಟಾಗ ಎರಡು ಕಡೆಯಿಂದ ಹೊಡೆತ. ಒಂದು ಕಡೆ ಮೂಗು ಸೋರುವುದು, ಆಕಳಿಕೆ, ಬೆವರು, ಭೇದಿ, ಕಾಲಿನ ತಳಮಳ. ಇನ್ನೊಂದು ಕಡೆ ಕೆಲವರಿಗೆ ವಿಪರೀತ ಗಾಬರಿ, ಮೈಯಲ್ಲಿ ಕರೆಂಟ್ ಹೊಡೆದ ಹಾಗೆ ಆಗುವುದು, ಅಪರೂಪಕ್ಕೆ ಇಲ್ಲದ್ದು ಕಾಣುವುದು, ಕೇಳುವುದು. ಸಾಮಾನ್ಯವಾಗಿ ಕೊನೆಯ ಗುಳಿಗೆಯಾಗಿ ಅರ್ಧ ದಿನದಿಂದ ಒಂದು ದಿನದೊಳಗೆ ಶುರುವಾಗುತ್ತದೆ, ಎರಡು ಮೂರನೇ ದಿನ ಜೋರಾಗಿರುತ್ತದೆ, ಒಂದು ವಾರದಲ್ಲಿ ಬಹುಪಾಲು ಇಳಿಯುತ್ತದೆ. ನಿದ್ದೆ ಮಾತ್ರ ಸರಿಯಾಗಲು ಇನ್ನೂ ಹೊತ್ತು ಬೇಕು. ದೊಡ್ಡಮ್ಮನಿಗೆ ಆದದ್ದು ಹೆಚ್ಚು ಕಡಿಮೆ ಇದೇ ಲೆಕ್ಕ.

ಇದಕ್ಕೆ ಕಾರಣ ಕೆಟ್ಟ ಬುದ್ಧಿಯಲ್ಲ, ದೇಹದ ಲೆಕ್ಕಾಚಾರ. ದಿನಾ ಹೊರಗಿನಿಂದ ಒಂದು ಔಷಧಿ ಬಂದು ನರಗಳನ್ನು ತಣ್ಣಗಿಡುತ್ತಿದ್ದರೆ, ದೇಹ ಅದಕ್ಕೆ ತಕ್ಕ ಹಾಗೆ ತನ್ನ ಹದ ಬದಲಿಸಿಕೊಳ್ಳುತ್ತದೆ. ಮೊದಲಿನ ಡೋಸ್ ಸಾಲದೆ ಆಗುವುದು ಇದೇ ಕಾರಣಕ್ಕೆ. ಔಷಧಿ ಒಮ್ಮೆಲೇ ನಿಂತರೆ ಅದುಮಿಟ್ಟದ್ದೆಲ್ಲ ಚಿಮ್ಮಿ ಬರುತ್ತದೆ. ಕೆಲವು ವಾರ ದಿನಾ ತೆಗೆದುಕೊಂಡರೆ ಸಾಕು, ಯಾರಿಗೆ ಬೇಕಾದರೂ ಹೀಗಾಗಬಹುದು. ಇದಕ್ಕೆ ಅವಲಂಬನೆ ಅನ್ನುತ್ತಾರೆ. ಚಟ ಬೇರೆ. ಔಷಧಿಯಿಂದ ಬದುಕು ಹಾಳಾಗುತ್ತಿದೆ ಅಂತ ಗೊತ್ತಿದ್ದೂ ಅದರ ಹಿಂದೆ ಓಡುವುದು, ಸುಳ್ಳು ಹೇಳಿ ತರಿಸುವುದು, ನೋವಿಗಲ್ಲದೆ ಆ ಗುಂಗಿಗೋಸ್ಕರ ನುಂಗುವುದು ಚಟ. ಅವಲಂಬನೆ ಇದ್ದವರಿಗೆಲ್ಲ ಚಟ ಇರುವುದಿಲ್ಲ, ಕೆಲವರಲ್ಲಿ ಅದು ಚಟಕ್ಕೆ ತಿರುಗುತ್ತದೆ ಎನ್ನುವುದೂ ನಿಜ.

ಈ ಎರಡನ್ನೂ ಒಂದೇ ಮಾಡಿ ನೋಡುವುದರಿಂದ ಏನಾಗುತ್ತದೆ ಅಂತ ನಾನು ನೋಡಿದ್ದೇನೆ. ಆ ಡಾಕ್ಟರು ವಿಷಯ ವಿವರಿಸಿ ಮುಗಿಸಿದ ಮೇಲೆ ದೊಡ್ಡಮ್ಮ ಕಾರಿನಲ್ಲಿ ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದಳು, "ನಂಗೆ ಚಟ ಹತ್ತೋತನ ತಮಾ?" ಅರವತ್ತೆಂಟು ವರ್ಷದ ಹೆಂಗಸು, ಸೆರಗಿನ ತುದಿ ತಿರುಚುತ್ತಾ ಕೇಳಿದ ಪ್ರಶ್ನೆ ಅದು. ಯಾರಿಗೂ ಹೇಳಬೇಡ ಅಂದಳು. (ಈಗ ಬರೆಯುತ್ತಿರುವುದು ಅವಳನ್ನು ಕೇಳಿಯೇ. "ಹೆಸರು ಹಾಕಡ" ಅಂದಿದ್ದಾಳೆ, ಹಾಕಿಲ್ಲ.) ಈ ನಾಚಿಕೆಯಿಂದಲೇ ಜನ ಡಾಕ್ಟರ ಮುಂದೆ ನಿಜ ಹೇಳುವುದಿಲ್ಲ. ಐದು ನುಂಗುತ್ತಿದ್ದರೆ ಎರಡು ಅನ್ನುತ್ತಾರೆ. ಲೆಕ್ಕ ತಪ್ಪಿದರೆ ಇಳಿಸುವ ಲೆಕ್ಕವೂ ತಪ್ಪುತ್ತದೆ.

ಇನ್ನೊಂದು ಗೊಂದಲ ಇದೆ. ಗುಳಿಗೆ ಬಿಟ್ಟ ಕೂಡಲೇ ನೋವು ದುಪ್ಪಟ್ಟಾಗುತ್ತದೆ. ಆಗ "ನೋಡಿ, ಗುಳಿಗೆ ಇಲ್ಲದಿದ್ದರೆ ಆಗುವುದೇ ಇಲ್ಲ" ಅನ್ನಿಸುವುದು ಸಹಜ. ಆದರೆ ಆ ಹೆಚ್ಚಾದ ನೋವಿನಲ್ಲಿ ಒಂದು ಪಾಲು ವಿತ್‌ಡ್ರಾವಲ್‌ದೇ, ಅಂದರೆ ಔಷಧಿ ನಿಂತದ್ದಕ್ಕೆ ದೇಹ ಪಡುವ ಈ ಕಷ್ಟದ್ದೇ. ಅದೂ ಅಲ್ಲದೆ, ಓಪಿಯಾಯ್ಡ್ ತುಂಬಾ ದಿನ ತಿಂದರೆ ಕೆಲವರಲ್ಲಿ ನರಗಳು ನೋವಿಗೆ ಇನ್ನೂ ಸೂಕ್ಷ್ಮವಾಗುತ್ತವೆ, ಸಣ್ಣ ನೋವೂ ದೊಡ್ಡದಾಗಿ ಕಾಣುತ್ತದೆ. ನೋವಿಗೆ ಕೊಟ್ಟ ಔಷಧಿಯೇ ನೋವನ್ನು ಬೆಳೆಸುವುದು ಅಂದರೆ ನಂಬುವುದು ಕಷ್ಟ. ತಲೆನೋವಿನಲ್ಲಂತೂ ಇದು ಸ್ಪಷ್ಟವಾಗಿ ಕಾಣುತ್ತದೆ. ಸಾದಾ ನೋವಿನ ಗುಳಿಗೆಯನ್ನು ತಿಂಗಳಲ್ಲಿ 15 ದಿನ ಅಥವಾ ಅದಕ್ಕಿಂತ ಜಾಸ್ತಿ, ಓಪಿಯಾಯ್ಡ್ ಅಥವಾ ಎರಡು ಮೂರು ಔಷಧಿ ಬೆರೆಸಿದ ಗುಳಿಗೆಯನ್ನು 10 ದಿನ ಅಥವಾ ಅದಕ್ಕಿಂತ ಜಾಸ್ತಿ, ಮೂರು ತಿಂಗಳ ಮೇಲೆ ತಿಂದರೆ ಆ ಗುಳಿಗೆಯಿಂದಲೇ ತಲೆನೋವು ಬರಬಹುದು. ಅರೆತಲೆನೋವಿನವರು ಇದನ್ನು ಗಮನಿಸಿ.

ಮೂರು ತಿಂಗಳು ದಾಟಿದ ನೋವನ್ನು ದೀರ್ಘಕಾಲದ ನೋವು ಅಂತ ಕರೆಯುತ್ತಾರೆ. ಅದರ ಸ್ವಭಾವವೇ ಬೇರೆ. ಕೈ ಮುರಿದಾಗ ಬರುವ ನೋವು ಗಾಯದ ಸುದ್ದಿ ಹೇಳುತ್ತದೆ, ಗಾಯ ಮಾಗಿದರೆ ನಿಲ್ಲುತ್ತದೆ. ವರ್ಷಗಟ್ಟಲೆ ಉಳಿದ ನೋವಿನಲ್ಲಿ ನರಮಂಡಲವೇ ಜಾಗರಣೆ ಕೂತ ಹಾಗೆ. ಓಪಿಯಾಯ್ಡ್‌ಗಳು ಆಪರೇಷನ್ ಆದ ಮೇಲೆ ಕೆಲವು ದಿನ, ಕ್ಯಾನ್ಸರ್ ನೋವಿಗೆ ನಿಜಕ್ಕೂ ದೊಡ್ಡ ವರ. ಸೊಂಟನೋವಿಗೆ ಅದೇ ಫಲ ಸಿಗುವುದಿಲ್ಲ. 2023ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಆಸ್ಟ್ರೇಲಿಯಾದ ಒಂದು ಅಧ್ಯಯನದಲ್ಲಿ ಹೊಸದಾಗಿ ಬೆನ್ನುನೋವು, ಕುತ್ತಿಗೆ ನೋವು ಬಂದ 347 ಜನರಲ್ಲಿ ಕೆಲವರಿಗೆ ಇದೇ ಗುಂಪಿನ ಇನ್ನೊಂದು ಗುಳಿಗೆ, ಉಳಿದವರಿಗೆ ಔಷಧಿ ಇಲ್ಲದ ಖಾಲಿ ಗುಳಿಗೆ ಕೊಟ್ಟರು. ಆರು ವಾರದ ನಂತರ ನೋಡಿದರೆ ಓಪಿಯಾಯ್ಡ್ ತಿಂದವರಿಗೆ ಖಾಲಿ ಗುಳಿಗೆಗಿಂತ ಹೆಚ್ಚಿನ ಲಾಭ ಏನೂ ಆಗಿರಲಿಲ್ಲ. ಹೊಸ ನೋವಿನ ಕಥೆಯೇ ಹೀಗೆ. ಹಳೇ ಸೊಂಟನೋವಿಗೆ ಇದನ್ನೇ ವರ್ಷಗಟ್ಟಲೆ ನುಂಗಿ ಬರುವುದು ಏನು ಅಂತ ನೀವೇ ಯೋಚಿಸಿ.

ಹಾಗಾದರೆ ಎಲ್ಲರದ್ದೂ ಇವತ್ತೇ ನಿಲ್ಲಿಸಿ ಅನ್ನಬೇಕಾ? ಖಂಡಿತ ಬೇಡ. ಅಮೆರಿಕದಲ್ಲಿ ಹಾಗೆ ಮಾಡಿ ಪೆಟ್ಟು ತಿಂದಿದ್ದಾರೆ. 1990ರ ದಶಕದಲ್ಲಿ ಅಲ್ಲಿ ಓಪಿಯಾಯ್ಡ್ ಗುಳಿಗೆಗಳನ್ನು ಧಾರಾಳವಾಗಿ ಬರೆಯಲು ಶುರು ಮಾಡಿದರು, ಸಾವುಗಳು ಏರಿದವು. 2016ರಲ್ಲಿ ಬಿಗಿಯಾದ ಮಾರ್ಗಸೂಚಿ ಬಂತು. ಅದನ್ನು ತಪ್ಪಾಗಿ ಅರ್ಥ ಮಾಡಿಕೊಂಡು ಎಷ್ಟೋ ಡಾಕ್ಟರುಗಳು ವರ್ಷಗಳಿಂದ ತಿನ್ನುತ್ತಿದ್ದವರಿಗೆ ಒಮ್ಮೆಲೇ ನಿಲ್ಲಿಸಿದರು. 2019ರ ಏಪ್ರಿಲ್‌ನಲ್ಲಿ ಅಲ್ಲಿನ ಔಷಧ ಆಡಳಿತ ಎಫ್‌ಡಿಎ ಎಚ್ಚರಿಕೆ ಕೊಡಬೇಕಾಯಿತು. ಹೀಗೆ ಥಟ್ಟನೆ ನಿಲ್ಲಿಸಿದ್ದರಿಂದ ತೀವ್ರ ವಿತ್‌ಡ್ರಾವಲ್, ತಡೆಯಲಾಗದ ನೋವು, ಆತ್ಮಹತ್ಯೆಯವರೆಗೂ ಹೋಗಿದೆ ಅಂತ ಅದರಲ್ಲಿತ್ತು. 2022ರ ಹೊಸ ಮಾರ್ಗಸೂಚಿ ಹೇಳುವುದು ಬೇರೆ. ಒಂದು ವರ್ಷಕ್ಕಿಂತ ಜಾಸ್ತಿ ದಿನದಿಂದ ತೆಗೆದುಕೊಳ್ಳುತ್ತಿದ್ದವರಿಗೆ ತಿಂಗಳಿಗೆ ಶೇಕಡಾ 10ರಷ್ಟು, ಅಥವಾ ಅದಕ್ಕಿಂತ ನಿಧಾನವಾಗಿ ಇಳಿಸಿದರೆ ದೇಹ ತಾಳಿಕೊಳ್ಳುತ್ತದೆ. ಕಷ್ಟ ಆದರೆ ನಡುವೆ ನಿಲ್ಲಿಸಿ, ಉಸಿರು ತೆಗೆದುಕೊಂಡು ಮುಂದೆ ಹೋಗಬಹುದು.

ನಮ್ಮ ದೇಶದ ಕಥೆ ಇನ್ನೊಂದು ಥರ. ಮಾದಕ ವಸ್ತುಗಳನ್ನು ನಿಯಂತ್ರಿಸುವ 1985ರ ಎನ್‌ಡಿಪಿಎಸ್ ಕಾಯ್ದೆಯ ಬಿಗಿಯಿಂದ ಕ್ಯಾನ್ಸರ್ ನೋವಿನಲ್ಲಿ ನರಳುವವರಿಗೂ ಮಾರ್ಫಿನ್ ಸಿಗದ ಸ್ಥಿತಿ ಬಂದಿತ್ತು. 2014ರ ತಿದ್ದುಪಡಿಯಲ್ಲಿ ಅದನ್ನು ಸ್ವಲ್ಪ ಸಡಿಲ ಮಾಡಿದರು. ಟ್ರಮಡಾಲ್ ಆಗ ಆ ಕಾಯ್ದೆಯ ಹೊರಗಿತ್ತು, ಸುಲಭವಾಗಿ ಸಿಗುತ್ತಿತ್ತು. ದುರ್ಬಳಕೆ ಹೆಚ್ಚಾದ ಮೇಲೆ 2018ರ ಏಪ್ರಿಲ್‌ನಲ್ಲಿ ಅದನ್ನೂ ಪಟ್ಟಿಗೆ ಸೇರಿಸಿದರು. ಅದಕ್ಕೂ ಮೊದಲೇ, 2014ರಿಂದ, ಅದು ಶೆಡ್ಯೂಲ್ ಎಚ್1ರಲ್ಲಿದೆ. ಅಂದರೆ ಅಂಗಡಿಯವರು ಬರೆದ ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟೆವು ಅನ್ನುವುದನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಕಾನೂನು ಪುಸ್ತಕದಲ್ಲಿ ಗಟ್ಟಿಯಾಗಿಯೇ ಇದೆ. ಅಂಗಡಿಯ ಕೌಂಟರಿನಲ್ಲಿ ಅದು ಒಂದು ವರ್ಷ ಸಡಿಲ, ಒಂದು ದಿನ ಬಿಗಿ. ನಮ್ಮ ದೊಡ್ಡಮ್ಮ ಬಿದ್ದದ್ದು ಈ ಎರಡರ ನಡುವಿನ ಸಂದಿಯಲ್ಲಿ. ಅಂಗಡಿಯವರ ಮೇಲೆ ನನಗೆ ಸಿಟ್ಟಿಲ್ಲ. "ಕೊಡುವುದಿಲ್ಲ" ಅಂದವರು "ಒಮ್ಮೆಲೇ ಬಿಡಬೇಡಿ, ಇವತ್ತೇ ಡಾಕ್ಟರನ್ನು ನೋಡಿ" ಅಂತ ಇನ್ನೊಂದು ಮಾತು ಸೇರಿಸಿದ್ದರೆ ಮೂರು ರಾತ್ರಿ ಉಳಿಯುತ್ತಿತ್ತು.

ಬರೆದು ಕೊಟ್ಟ ಡಾಕ್ಟರು? ಅವರು ನೂರಾರು ಕಿಲೋಮೀಟರ್ ದೂರ. ಇದು ನಮ್ಮ ಉತ್ತರ ಕನ್ನಡ ಜಿಲ್ಲೆಯ ಹಳೇ ಸಂಕಟ. ಕುಮಟಾ, ಹೊನ್ನಾವರದವರು ಮಣಿಪಾಲಕ್ಕೆ, ಮಂಗಳೂರಿಗೆ. ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ. ಕಾರವಾರದವರು ಗೋವಾದ ಬಾಂಬೋಳಿಗೆ. 2022ರ ಜುಲೈನಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಹತ್ತಿರ ಅಪಘಾತಕ್ಕೀಡಾದಾಗ ಜಿಲ್ಲೆಗೊಂದು ದೊಡ್ಡ ಆಸ್ಪತ್ರೆ ಬೇಕು ಅನ್ನುವ ಕೂಗು ಎಷ್ಟು ಜೋರಾಗಿತ್ತು ಅಂತ ಎಲ್ಲರಿಗೂ ನೆನಪಿದೆ. ನಾವು ಆಗ ಮಾತಾಡಿದ್ದು ತುರ್ತು ಚಿಕಿತ್ಸೆ ಬಗ್ಗೆ, ಅದು ಸರಿಯೇ. ಆದರೆ ದೂರದ ಆಸ್ಪತ್ರೆಯಿಂದ ಇನ್ನೊಂದು ನಷ್ಟ ಸದ್ದಿಲ್ಲದೆ ಆಗುತ್ತದೆ. ಒಮ್ಮೆ ಹೋಗಿ ಬರಲು ಒಂದು ದಿನದ ಕೂಲಿ, ಗಾಡಿ ಬಾಡಿಗೆ, ಜೊತೆಗೊಬ್ಬರು. ಮೂರು ವಾರ ಬಿಟ್ಟು ತೋರಿಸಿ ಅಂದರೆ ಯಾರು ಹೋಗುತ್ತಾರೆ? ಮಳೆಗಾಲದಲ್ಲಿ ಘಟ್ಟದ ರಸ್ತೆ ಬೇರೆ ಯಾವಾಗ ಬಂದ್ ಆಗುತ್ತದೋ ಗೊತ್ತಿಲ್ಲ. ಹಾಗಾಗಿ ಮೂರು ವಾರದ ಚೀಟಿ ಹದಿನಾಲ್ಕು ತಿಂಗಳ ಚೀಟಿಯಾಗುತ್ತದೆ. ಇಲ್ಲಿ ಯಾರ ಒಬ್ಬರ ತಪ್ಪು ಅಂತ ಬೆರಳು ತೋರಿಸಲು ನನಗೆ ಆಗುವುದಿಲ್ಲ. ನನ್ನ ಬೇಡಿಕೆ ಸಣ್ಣದು. ಇಂಥ ಗುಳಿಗೆ ಬರೆಯುವ ಮೊದಲ ದಿನವೇ ಅದೇ ಚೀಟಿಯ ಕೆಳಗೆ ನಾಲ್ಕು ಸಾಲು ಬರೆಯಲಿ. ಎಷ್ಟು ದಿನ, ಆಮೇಲೆ ಹೇಗೆ ಇಳಿಸುವುದು, ಏನಾದರೆ ಯಾರನ್ನು ಕೇಳುವುದು. ಕನ್ನಡದಲ್ಲಿ ಬರೆಯಲಿ. ಊರಿನ ಡಾಕ್ಟರು ಅದನ್ನು ಓದಿ ಮುಂದುವರಿಸಬಹುದು.

ಟ್ರಮಡಾಲ್ ಒಂದೇ ಅಲ್ಲ. ಟಪೆಂಟಡಾಲ್ ಅಂತ ಅದರ ಹತ್ತಿರದ ಸಂಬಂಧಿ ಇದೆ, ಈಗೀಗ ಜಾಸ್ತಿ ಬರೆಯುತ್ತಿದ್ದಾರೆ. ನರದ ನೋವಿಗೆ, ಸಕ್ಕರೆ ಕಾಯಿಲೆಯ ಪಾದದ ಉರಿಗೆ ಕೊಡುವ ಪ್ರಿಗ್ಯಾಬಲಿನ್, ಗ್ಯಾಬಪೆಂಟಿನ್ ಓಪಿಯಾಯ್ಡ್‌ಗಳಲ್ಲ. ಆದರೆ ಅವನ್ನೂ ಥಟ್ಟನೆ ಬಿಟ್ಟರೆ ನಿದ್ದೆ ಹೋಗುತ್ತದೆ, ಬೆವರು, ಗಾಬರಿ, ವಾಂತಿ ಬಂದ ಹಾಗೆ ಆಗುತ್ತದೆ. ನಿದ್ದೆಗೆ ಅಂತ ಕೊಡುವ ಆಲ್‌ಪ್ರಜೋಲಾಂ ಥರದವನ್ನು ಬಹಳ ದಿನ ತಿಂದು ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರುವ ಅಪಾಯವೂ ಇದೆ. ಈ ನಿದ್ದೆ ಗುಳಿಗೆ ಮತ್ತು ಟ್ರಮಡಾಲ್ ಎರಡನ್ನೂ ಒಟ್ಟಿಗೆ ನುಂಗುವುದು, ಮೇಲಿಂದ ಸಾರಾಯಿ ಕುಡಿಯುವುದು ಉಸಿರನ್ನೇ ನಿಲ್ಲಿಸಬಹುದು. ಸಂಜೆ ಮೈಕೈ ನೋವಿಗೆ ಎರಡೂ ಬೇಕು ಅನ್ನುವ ಗಂಡಸರಿಗೆ ಇದನ್ನು ಯಾರಾದರೂ ಕೂರಿಸಿ ಹೇಳಬೇಕು. ಟ್ರಮಡಾಲ್ ದಿನಕ್ಕೆ 400 ಮಿಲಿಗ್ರಾಂ ದಾಟಿದರೆ ಅದರಿಂದಲೇ ಫಿಟ್ಸ್ ಬರುವ ಸಾಧ್ಯತೆ ಏರುತ್ತದೆ. ಮನಸ್ಸಿನ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಅದನ್ನು ನೋವಿನ ಡಾಕ್ಟರಿಗೂ ಹೇಳಲೇಬೇಕು.

ಹೆಸರಿಲ್ಲದ ಪೊಟ್ಟಣದ ಗುಳಿಗೆಗಳ ಬಗ್ಗೆ ನನಗೆ ಇನ್ನೂ ಜಾಸ್ತಿ ಹೆದರಿಕೆ. ಕಾಗದದಲ್ಲಿ ಸುತ್ತಿ ಕೊಡುತ್ತಾರೆ, ಒಂದು ಬಿಳಿ, ಒಂದು ಹಳದಿ. ಎರಡೇ ದಿನದಲ್ಲಿ ಮಂಡಿ ನೋವು ಮಾಯ, ಹಸಿವೂ ಚೆನ್ನಾಗಿ ಆಗುತ್ತದೆ. ಎಷ್ಟೋ ಸಲ ಅದರಲ್ಲಿರುವುದು ಸ್ಟಿರಾಯ್ಡ್. ತಿಂಗಳುಗಟ್ಟಲೆ ತಿಂದರೆ ಮುಖ ದುಂಡಗೆ ಊದುತ್ತದೆ, ಸಕ್ಕರೆ ಏರುತ್ತದೆ, ಮೂಳೆ ಟೊಳ್ಳಾಗುತ್ತದೆ, ದೇಹ ತಾನಾಗಿ ಸ್ಟಿರಾಯ್ಡ್ ಮಾಡಿಕೊಳ್ಳುವುದನ್ನೇ ಮರೆಯುತ್ತದೆ. ಅಂಥವರು ದಿಢೀರ್ ನಿಲ್ಲಿಸಿದರೆ ಬಿ.ಪಿ. ಕುಸಿದು ಜೀವಕ್ಕೇ ಕುತ್ತು ಬರಬಹುದು. ಅದನ್ನೂ ಡಾಕ್ಟರೇ ಇಳಿಸಿ ಬಿಡಿಸಬೇಕು.

ಮನೆಯಲ್ಲಿ ಯಾರಾದರೂ ತಿಂಗಳುಗಟ್ಟಲೆ ನೋವಿನ ಗುಳಿಗೆ ತಿನ್ನುತ್ತಿದ್ದರೆ ಸ್ಟ್ರಿಪ್ ಕೈಗೆ ತೆಗೆದುಕೊಳ್ಳಿ. ಕಂಪನಿ ಇಟ್ಟ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ ಒಳಗಿರುವ ಔಷಧಿಯ ಹೆಸರು ಇರುತ್ತದೆ, ಅದನ್ನು ಓದಿ. ಕೆಂಪು ಚೌಕದೊಳಗಿನ ಎಚ್ಚರಿಕೆ ಇದೆಯಾ ನೋಡಿ. ದಿನಕ್ಕೆ ನಿಜವಾಗಿ ಎಷ್ಟು ನುಂಗುತ್ತಾರೆ ಅಂತ ಬೈಯದೆ ಕೇಳಿ. ಸ್ಟ್ರಿಪ್ ಮುಗಿಯಲು ಒಂದು ವಾರ ಇರುವಾಗಲೇ ಡಾಕ್ಟರ ಹತ್ತಿರ ಹೋಗಿ. ನೀವೇ ಅರ್ಧ ಮಾಡಿ, ಕಾಲು ಮಾಡಿ ಇಳಿಸಲು ಹೋಗಬೇಡಿ, ಯಾಕೆಂದರೆ ನಿಧಾನವಾಗಿ ಬಿಡುಗಡೆಯಾಗುವ ಗುಳಿಗೆಗಳನ್ನು ಮುರಿದರೆ ಇಡೀ ದಿನದ ಔಷಧಿ ಒಮ್ಮೆಲೇ ಮೈಗೆ ಹೋಗುತ್ತದೆ. ಕೆಲವು ವಾರ ಬಿಟ್ಟವರು ಮತ್ತೆ ನೋವು ಬಂತೆಂದು ಹಳೇ ಡೋಸಿಗೇ ಹಾರಿದರೂ ಅಪಾಯ, ಅಷ್ಟು ತಾಳುವ ಶಕ್ತಿ ಆಗ ದೇಹಕ್ಕೆ ಉಳಿದಿರುವುದಿಲ್ಲ.

ಎಲ್ಲಿಗೆ ಹೋಗುವುದು ಅನ್ನುವವರಿಗೆ ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಕ್ರಿಮ್ಸ್ ಇದೆ, ಧಾರವಾಡದಲ್ಲಿ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಇದೆ. ಫೋನಿನಲ್ಲಿ ಕನ್ನಡದಲ್ಲೇ ಮಾತಾಡಬೇಕಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416, ಮಾದಕ ವಸ್ತು, ಚಟದ ವಿಷಯಕ್ಕೆ 14446, ಎರಡೂ ಉಚಿತ. ಮನೋವೈದ್ಯರ ಹತ್ತಿರ ಹೋಗಲು ಮುಜುಗರ ಪಡಬೇಡಿ. ವಿತ್‌ಡ್ರಾವಲ್ ಕಷ್ಟವನ್ನು ತಗ್ಗಿಸುವ ಔಷಧಿಗಳು ಇವೆ, ಅವನ್ನು ಚೆನ್ನಾಗಿ ಬಲ್ಲವರು ಅವರೇ.

ದೊಡ್ಡಮ್ಮನಿಗೆ ಆ ಡಾಕ್ಟರು ಐದರ ಬದಲು ಮೂರರಿಂದ ಮತ್ತೆ ಶುರು ಮಾಡಿದರು. ಎರಡನೇ ಗುಳಿಗೆಗೇ ಕಾಲಿನ ತಳಮಳ ಇಳಿಯಿತು, ಆ ರಾತ್ರಿ ಮಲಗಿದಳು. ಆಮೇಲೆ ಮೂರು ನಾಲ್ಕು ವಾರಕ್ಕೊಮ್ಮೆ ಅರ್ಧರ್ಧ ಗುಳಿಗೆ ಕಡಿಮೆ ಮಾಡುತ್ತಾ ಬಂದಿದ್ದಾರೆ (ಅವಳದ್ದು ಮುರಿಯಬಹುದಾದ ಗುಳಿಗೆ). ಜೊತೆಗೆ ಫಿಸಿಯೋಥೆರಪಿಯವರು ಹೇಳಿಕೊಟ್ಟ ನಾಲ್ಕು ವ್ಯಾಯಾಮ, ಬಿಸಿನೀರಿನ ಶಾಖ, ಸಂಜೆ ತೋಟದ ದಾರಿಯಲ್ಲಿ ಒಂದು ಸುತ್ತು. ನೋವು ಹೋಗಿಲ್ಲ. ಸುಳ್ಳು ಯಾಕೆ ಹೇಳಲಿ, ಕೆಲವು ದಿನ ಮೊದಲಿಗಿಂತ ಜಾಸ್ತಿಯೇ ಇರುತ್ತದೆ. ಅಡುಗೆ ಮನೆಯ ಕ್ಯಾಲೆಂಡರಿನಲ್ಲಿ ಏಕಾದಶಿ, ಸಂಕಷ್ಟಿಯ ಪಕ್ಕದಲ್ಲಿ ಪೆನ್ಸಿಲಿನಿಂದ ಗುಳಿಗೆಯ ಲೆಕ್ಕ ಬರೆಯುತ್ತಾಳೆ. ಈಗ ದಿನಕ್ಕೆ ಒಂದೂವರೆಗೆ ಬಂದು ನಿಂತಿದೆ. ಮುಂದಿನ ಅರ್ಧ ಯಾವಾಗ ಅಂತ ಕೇಳಿದ್ದಕ್ಕೆ ಡಾಕ್ಟರು ಅವಸರ ಮಾಡಲಿಲ್ಲ. ಕೊನೆ ಕೊಯ್ಲು ಶುರುವಾಗಿದೆ, ಬೇಡ ಅಂದರೂ ಅವಳು ಮೆಟ್ಟುಗತ್ತಿ ಬಿಟ್ಟು ಏಳುವವಳಲ್ಲ ಅಂತ ಅವರಿಗೂ ಗೊತ್ತು. ಸುಲಿಯುವ ಕೆಲಸ ಮುಗಿಯುವವರೆಗೆ ಇಷ್ಟರಲ್ಲೇ ಇರಲಿ ಅಂತ ಚೀಟಿಯ ಕೆಳಗೆ ಕನ್ನಡದಲ್ಲಿ ಬರೆದುಕೊಟ್ಟಿದ್ದಾರೆ.